ಬಲಗಡೆಯ ಕಾಜಾ

"ಇದನ್ನ ಗುಂಡಿ ಅಂತಾರೇನ್ರೀ?"

ಹೆಂಗಸರ ಕೋಟೊಂದು ಹಾರಿ ಬಂದು ಗುಂಡಿ ಅಂಗಡಿಯ ಗಾಜಿನ ಮೇಜಿನ ಮೇಲೆ ಬಿತ್ತು. ಅದರ ಹಿಂದೆಯೇ ಅದನ್ನು ಹೊಲಿದವಳೂ ಬಂದಳು. ಕುತ್ತಿಗೆಗೆ ಅಳತೆ ಟೇಪು, ಮೈಮೇಲೆಲ್ಲ ದಾರದ ಚೂರು, ಮೂಗಿನ ತುದಿಯಲ್ಲಿ ಸಿಟ್ಟು.

ಅಂಗಡಿಯವನು ಏಣಿ ಹತ್ತಿ ಮೇಲಿನ ಸಾಲಿನ ಡಬ್ಬಿಗಳನ್ನು ಜೋಡಿಸುತ್ತಿದ್ದ. ತಿರುಗಿ ನೋಡಿದ. ಕೈಯಲ್ಲಿದ್ದ ಡಬ್ಬಿಯನ್ನು ಅದರ ಜಾಗದಲ್ಲಿಟ್ಟ. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದ. ಅವನು ಇಳಿಯುವುದನ್ನು ನೋಡಿಯೇ ಅವಳ ಮೈ ಉರಿಯಿತು.

"ಏನಾಯ್ತು?"

"ಏನಾಯ್ತಾ? ಗಿರಾಕಿ ಈ ಕೋಟು ಹಾಕ್ಕೊಂಡ್ರು, ಕನ್ನಡಿ ಮುಂದೆ ನಿಂತ್ರು, ಚೆನ್ನಾಗಿದೆ ಅಂದ್ರು. ಕೂತ್ರು ನೋಡಿ, ಟಪಟಪ ಅಂತ ಅಷ್ಟೂ ಗುಂಡಿ ಬಿಚ್ಕೊಂಡ್ವು. ಅಂಗಡಿ ತುಂಬ ಜನ. ಅವರು ನನ್ನ ಮುಖ ನೋಡಿದ ರೀತಿ ಇದೆಯಲ್ಲ, ನೀವಿರಬೇಕಿತ್ತು ಅಲ್ಲಿ."

ಅವನು ಕೋಟಿನ ಅಂಚನ್ನು ಬೆಳಕಿಗೆ ಹಿಡಿದ. "ಕಾಜಾ ದೊಡ್ಡದಾಯ್ತು."

"ಕಾಜಾ ದೊಡ್ಡದಾಗಿಲ್ಲ. ಗುಂಡಿ ತೆಳ್ಳಗಾಗಿದೆ. ಹೊಟ್ಟೆ ಉಬ್ಬಿರೋ ಗುಂಡಿ ಕೇಳಿದ್ದೆ, ಆ ಲೆಕ್ಕಕ್ಕೆ ಕಾಜಾ ಕತ್ತರಿಸಿದ್ದೆ. ನೀವು ಚಪ್ಪಟೆದು ಕಳಿಸಿದೀರ."

"ಅದು ಮುಗಿದಿತ್ತು. ಇದರ ಅಗಲ ಒಂದೇ ಇತ್ತಲ್ಲ ಅಂತ..."

"ಅಗಲ ಒಂದೇ ಆದ್ರೆ ಸಾಕಾ? ದಪ್ಪ ಬೇಡ್ವಾ? ಚಿಕ್ಕದಾಗಿದ್ರೆ ಇನ್ನೊಂಚೂರು ಸೀಳಬಹುದು. ದೊಡ್ಡದಾಗಿರೋ ಕಾಜಾನ ಏನು ಮಾಡ್ಲಿ, ನೀರು ಹಾಕಿ ಕುಗ್ಗಿಸ್ಲಾ? ಕಳಿಸೋ ಮುಂಚೆ ಒಂದು ಮಾತು ಕೇಳಬಾರದಿತ್ತಾ?"

ಗುಂಡಿ ತೂರಿಸಲು ಬಟ್ಟೆಯಲ್ಲಿ ಸೀಳಿ, ಸುತ್ತ ಒತ್ತಾಗಿ ದಾರ ಹೊಲಿದ ಆ ಪುಟ್ಟ ಬಾಯಿಯೇ ಕಾಜಾ. ನೋಡಿದವರಿಗೆ ಅದರಲ್ಲೇನೂ ಕಾಣುವುದಿಲ್ಲ. ಕೂತು ಹೊಲಿದವರ ಕುತ್ತಿಗೆಯನ್ನು ಕೇಳಬೇಕು.

ಅವನು ಕೋಟನ್ನು ಮಡಚಿಟ್ಟು, "ನನ್ನದೇ ತಪ್ಪು. ಇನ್ಮೇಲೆ ಕೇಳ್ತೀನಿ" ಎಂದ.

ಜಗಳಕ್ಕೆಂದು ಸೆರಗು ಕಟ್ಟಿ ಬಂದವಳಿಗೆ ಇದೊಳ್ಳೆ ಫಜೀತಿ. ಎದುರಿನವನು ಒಂದೇ ಮಾತಿಗೆ ಒಪ್ಪಿಕೊಂಡುಬಿಟ್ಟರೆ ಉಳಿದ ಸಿಟ್ಟನ್ನು ಎಲ್ಲಿಗೆ ಹಾಕುವುದು? ಮಿಕ್ಕಿದ್ದನ್ನೆಲ್ಲ ಹೊತ್ತುಕೊಂಡೇ ವಾಪಸ್ಸು ಬಂದಳು.

ಎರಡು ಬೀದಿ ಆಚೆ ಅವಳ ಚಿಕ್ಕಮ್ಮನ ಹೊಲಿಗೆ ಅಂಗಡಿ. ಹೆಂಗಸರ ಬಟ್ಟೆ ಮಾತ್ರ. ಗಂಡಸರು ಬಂದರೆ ಚಿಕ್ಕಮ್ಮ ಬಾಗಿಲಲ್ಲೇ ಬೇರೆ ಅಂಗಡಿಯ ದಾರಿ ತೋರಿಸುತ್ತಿದ್ದಳು. ಅಳತೆ, ಕತ್ತರಿ, ಮಿಷನ್ನು ಚಿಕ್ಕಮ್ಮನದು. ಕಾಜಾ, ಗುಂಡಿ, ಕೈಹೊಲಿಗೆ ಇವಳದು. ಮನೆಯಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಸಿಡುಕಿ ಎಂದೇ. ಅವಳು ಅದಕ್ಕೂ ಸಿಡುಕುತ್ತಿದ್ದಳು. ಗುಂಡಿ ಅಂಗಡಿಯವನಿಗೆ ಚಿಕ್ಕಮ್ಮ ಇಟ್ಟ ಹೆಸರು ಗುಂಡಿರಾಯ.

ಆ ಗುಂಡಿರಾಯ ಕೇಳ್ತೀನಿ ಅಂದವನು ಕೇಳಿಯೇ ಕೇಳಿದ. ಯಾಕಾದರೂ ಹೇಳಿದೆನೋ ಎಂದು ಅವಳು ಹಣೆ ಚಚ್ಚಿಕೊಳ್ಳುವಷ್ಟು ಕೇಳಿದ.

"ಗೌನಿಗೆ ಗುಂಡಿ ಬೇಕಿತ್ತು. ನೀಲಿ."

"ಯಾವ ನೀಲಿ?"

"ಇಗೋ, ತುಂಡು ಬಟ್ಟೆ ತಂದಿದೀನಿ."

"ಕೈಯಲ್ಲಿ ಒಗೀತಾರಾ, ಮಿಷನ್ನಿಗೆ ಹಾಕ್ತಾರಾ?"

"ನನಗೇನ್ರೀ ಗೊತ್ತು?"

"ಮಿಷನ್ನಿಗೆ ಹಾಕಿದ್ರೆ ಮರದ ಗುಂಡಿ ಬೇಡ, ನೀರು ಕುಡಿದು ಸೀಳತ್ತೆ. ಬಟ್ಟೆ ಹೊದಿಸಿದ್ದು ಅಂಚಲ್ಲಿ ನೂಲು ಬಿಡತ್ತೆ. ಚಿಪ್ಪಿಂದಾದ್ರೆ ಇಸ್ತ್ರಿ ಪೆಟ್ಟಿಗೆ ತಗುಲಿಸಬಾರದು. ಕೊಂಬಿಂದು ತಡಿಯತ್ತೆ, ಆದ್ರೆ ಗೌನಿಗೆ ಭಾರ. ಗುಂಡಿ ಮುಂದೆ ಬರತ್ತಾ, ಬೆನ್ನಿಗಾ?"

"ಬೆನ್ನಿಗೆ."

"ಹಾಗಾದ್ರೆ ಒರಗಿ ಕೂತಾಗ ಒತ್ತತ್ತೆ. ತೆಳ್ಳಗಿರೋದು ಬೇಕು. ಅವರು ತುಂಬ ಹೊತ್ತು ಕೂತು ಕೆಲಸ ಮಾಡೋರಾ?"

ಅವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. 'ಇವನ ತಲೆ ಮೇಲೆ ಇದೇ ಡಬ್ಬಿ ಸುರಿದರೆ ಯಾರಾದರೂ ತಪ್ಪು ಅಂತಾರಾ?' ಅನ್ನಿಸಿತು. ಯಾರೂ ಅನ್ನುತ್ತಿರಲಿಲ್ಲ, ನಾನಂತೂ ಅನ್ನುತ್ತಿರಲಿಲ್ಲ.

ಒಂದು ಸಲ ವಯಸ್ಸಾದ ಗಿರಾಕಿಯೊಬ್ಬರ ಮೇಲಂಗಿಗೆ ಗುಂಡಿ ತರಲು ಹೋದಾಗ ಅವನು, "ಅವರ ಬೆರಳು ಹೇಗಿದೆ?" ಎಂದು ಕೇಳಿದ.

"ಬೆರಳಾ? ಅಂಗಿ ಹೊಲೀತಿರೋದು ಕಣ್ರೀ, ಬಳೆ ತೊಡಿಸ್ತಿಲ್ಲ."

"ಮಡಚೋಕೆ ಬರತ್ತಾ ಅಂತ."

ಬರುತ್ತಿರಲಿಲ್ಲ. ಅಳತೆ ಕೊಡಲು ಬಂದಾಗ ಆ ಅಜ್ಜಿಯ ಬೆರಳುಗಳು ಗಂಟುಗಂಟಾಗಿ ಬಿಗಿದಿದ್ದನ್ನು ಅವಳೂ ನೋಡಿದ್ದಳು. ನೋಡಿಯೂ ಯೋಚಿಸಿರಲಿಲ್ಲ. ಅವನು ನಿಧಾನಕ್ಕೆ ಹೇಳಿದ. "ಮೇಲುಗಡೆ ಚೆಂದಕ್ಕೆ ಗುಂಡಿ ಹೊಲಿದುಬಿಡಿ, ಕಾಜಾ ಬೇಡ. ಒಳಗಡೆ ಪ್ರೆಸ್ ಬಟನ್ ಇಡಿ. ಅಂಗೈಯಲ್ಲಿ ಒತ್ತಿದ್ರೂ ಕೂರತ್ತೆ. ನೋಡೋರಿಗೆ ಗೊತ್ತಾಗಲ್ಲ."

ಅಂಗಿ ಒಯ್ಯಲು ಬಂದ ದಿನ ಅಜ್ಜಿ ಕನ್ನಡಿಯ ಮುಂದೆ ನಿಂತು, ಮಗಳ ಕೈಯನ್ನು ಪಕ್ಕಕ್ಕೆ ಸರಿಸಿ, ತಾವೇ ಅಂಗೈಯಿಂದ ಒತ್ತಿ ಒತ್ತಿ ಅಂಗಿ ಹಾಕಿಕೊಂಡರು. "ನೋಡು, ನಾನೇ ಹಾಕ್ಕೊಂಡೆ" ಎಂದು ಮಗಳಿಗೆ ಹೇಳಿದರು.

ಸಿಡುಕಿ ಒಳಕೋಣೆಗೆ ಹೋಗಿ ಬಟ್ಟೆ ರಾಶಿಯ ಹಿಂದೆ ನಿಂತು ಕಣ್ಣೊರೆಸಿಕೊಂಡಳು. ಅವತ್ತು ಅವಳ ಮನಸ್ಸು ಜಾರಿತು. ಜಾರಿದ್ದು ಗೊತ್ತಾಗಿ ಅದಕ್ಕೂ ಸಿಟ್ಟು ಬಂತು.

ಯಾಕೆಂದರೆ ಆ ಮನುಷ್ಯ ಗುಂಡಿ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಅವಳು ಹೊಸ ಬಟ್ಟೆ ತೊಟ್ಟು ಹೋದರೆ ಅವನು ನೋಡುತ್ತಿದ್ದುದು ಅದರ ಗುಂಡಿಯನ್ನು. "ಎರಡನೇದು ಸಡಿಲಾಗಿದೆ" ಎನ್ನುತ್ತಿದ್ದ. ಇವಳು ಬೇಕೆಂದೇ ಹೊತ್ತು ಕಳೆದರೂ ಅವನು ತೂತುಗಳ ಬಗ್ಗೆ ಹೇಳುತ್ತಿದ್ದ, ಎರಡು ತೂತಿನದು ಯಾವುದಕ್ಕೆ, ನಾಲ್ಕು ತೂತಿನದು ಯಾವುದಕ್ಕೆ ಎಂದು. ಹೆಣ್ಣೊಬ್ಬಳು ಎದುರಿಗೆ ನಿಂತು ಕಿವಿಯವರೆಗೂ ಕೆಂಪಾಗುತ್ತಿದ್ದರೆ ತೂತಿನ ಕಥೆ ಹೇಳುವವನನ್ನು ಏನು ಮಾಡಬೇಕು ನೀವೇ ಹೇಳಿ.

ಹೀಗಿರುವಾಗ ಬೇರೆ ಊರಿನಿಂದ ಅಕ್ಕ ಫೋನು ಮಾಡಿದಳು.

"ನಮ್ಮ ಬಟ್ಟೆ ಫ್ಯಾಕ್ಟರಿಲಿ ಒಂದು ಹೊಲಿಗೆ ಲೈನು ನೋಡ್ಕೊಳ್ಳೋಕೆ ಜನ ಬೇಕಂತೆ. ನಿನ್ನ ಹೆಸರು ಹೇಳಿದೀನಿ. ವಾರದೊಳಗೆ ಹೂಂ ಅನ್ಬೇಕು, ಇಲ್ಲಾಂದ್ರೆ ಬೇರೆಯವರನ್ನ ತಗೋತಾರೆ."

"ಯೋಚನೆ ಮಾಡ್ತೀನಿ ಅಕ್ಕ."

"ಏನಿದೆ ಯೋಚನೆ ಮಾಡೋಕೆ? ಜೀವನ ಪೂರ್ತಿ ಆ ಮೂಲೆಲಿ ಕೂತು ಕಾಜಾ ಹೊಲೀತೀಯಾ? ಅಲ್ಲಿ ನಿನ್ನ ಕಟ್ಟಿಹಾಕಿರೋದಾದ್ರೂ ಏನೇ?"

ಉತ್ತರ ಎರಡು ಬೀದಿ ಆಚೆ ಏಣಿ ಹತ್ತಿ ಇಳಿಯುತ್ತಿತ್ತು. ಅದು ತಾನಾಗಿ ಬಾಯಿಬಿಡುವ ಲಕ್ಷಣವೂ ಕಾಣುತ್ತಿರಲಿಲ್ಲ.

'ಅವನು ಕೇಳಲ್ಲ. ಸರಿ, ನಾನೇ ಹೇಳ್ತೀನಿ. ಒಪ್ಪಿದರೆ ಇರ್ತೀನಿ, ಇಲ್ಲಾಂದ್ರೆ ಹೊರಡ್ತೀನಿ.' ಅವಳು ತೀರ್ಮಾನ ಮಾಡಿದಳು. ಆದರೆ ಸಿಡುಕುವುದಕ್ಕೆ ಬರುವ ಬಾಯಿ ಇಂಥ ಮಾತಿಗೆ ಬರುತ್ತದೆಯೇ? ಬರಲಿಲ್ಲ. ಅದಕ್ಕೇ ಅವಳು ಅವನಿಗೊಂದು ಶರಟು ಹೊಲಿಯಲು ಕೂತಳು.

ಅಳತೆ ಕೇಳಲಿಲ್ಲ. ಅವನು ಗೋಡೆಯ ಖಾನೆಗಳಿಗೆ ಬೆನ್ನು ಕೊಟ್ಟು ನಿಂತಾಗ ಭುಜ ಯಾವ ಡಬ್ಬಿಯಿಂದ ಯಾವ ಡಬ್ಬಿಯವರೆಗೆ ಬರುತ್ತದೆ ಎಂದು ನೋಡಿಕೊಂಡಳು. ಕೈ ಎತ್ತಿದಾಗ ತೋಳು ಎಷ್ಟು ಮೇಲೆ ಸರಿಯುತ್ತದೆ ಎಂದು ನೋಡಿಕೊಂಡಳು. ಚಿಕ್ಕಮ್ಮ ಬಟ್ಟೆ ಕತ್ತರಿಸಿ, ಮಿಷನ್ನಿನ ಹೊಲಿಗೆ ಮುಗಿಸಿಕೊಟ್ಟು, "ಹೆಂಗಸರ ಅಂಗಡಿಲಿ ಇದ್ಯಾವ ಗಂಡಸಿನ ಶರಟೇ?" ಎಂದು ಹುಬ್ಬು ಹಾರಿಸಿದಳು. ಇವಳು ಮುಖ ಗಂಟು ಹಾಕಿಕೊಂಡಳು. ಚಿಕ್ಕಮ್ಮ ನಗುತ್ತಾ ಮಿಷನ್ನಿಗೆ ಮರಳಿದಳು.

ಕಾಜಾಗಳನ್ನು ಅವಳು ತಾನೇ ಹೊಲಿದಳು. ಅಷ್ಟು ಚೆಂದದ ಕಾಜಾ ಅವಳು ಹಿಂದೆ ಹೊಲಿದಿರಲಿಲ್ಲ. ಕಣ್ಣು ತುಂಬ ಅವನೇ ಇದ್ದ, ಕೈ ತನ್ನ ಪಾಡಿಗೆ ತಾನು ಹೊಲಿಯುತ್ತಾ ಹೋಯಿತು. ಗುಂಡಿ ಮಾತ್ರ ಹಾಕಲಿಲ್ಲ. ಗುಂಡಿ ಅವನೇ ಆರಿಸಿ ಹಾಕಿಕೊಳ್ಳಲಿ, ತನ್ನ ಹೊಲಿಗೆಯೂ ಅವನ ಗುಂಡಿಯೂ ಒಂದೇ ಶರಟಿನ ಮೇಲೆ ಸೇರಲಿ ಎಂಬುದು ಆಸೆ.

ಶರಟನ್ನು ಒಯ್ದು ಅವನ ಮೇಜಿನ ಮೇಲಿಟ್ಟಳು.

"ಇದಕ್ಕೆ ಗುಂಡಿ. ನಿಮಗೆ ಯಾವುದು ಇಷ್ಟವೋ ಅದು."

"ಯಾರು ಹಾಕ್ಕೊಳ್ಳೋದು..."

"ಏನೂ ಕೇಳಬೇಡಿ. ನಿಮ್ಮ ದಮ್ಮಯ್ಯ ಅಂತೀನಿ, ಇದೊಂದು ಸಲ ಬಾಯಿಗೆ ಬೀಗ ಹಾಕ್ಕೊಳ್ಳಿ. ಬಿಡಿಸಿ ನೋಡಿದ್ರೆ ನಿಮಗೇ ಗೊತ್ತಾಗತ್ತೆ."

ಅಷ್ಟು ಹೇಳಿ ತಿರುಗಿ ನೋಡದೆ ಹೊರಟುಬಂದಳು. ದಾರಿಯುದ್ದಕ್ಕೂ ಕಾಲು ನೆಲದ ಮೇಲಿರಲಿಲ್ಲ.

ಮಾರನೆಯ ದಿನ ಅವನು ಬರಬಹುದೆಂದು ಕಾದಳು. ಬರಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಸೂಜಿ ಬೆರಳಿಗೆ ಚುಚ್ಚಿತು. ಅದರ ಮಾರನೆಯ ದಿನ ಅವಳು ಬಟ್ಟೆ ತಲುಪಿಸಲು ಹೊರಗೆ ಹೋಗಿ ಬರುವಷ್ಟರಲ್ಲಿ ಅವನು ಬಂದು ಹೋಗಿದ್ದ.

"ಗುಂಡಿರಾಯ ಬಂದಿದ್ದ. ಅದೇನೋ ಕೊಟ್ಟು ಹೋದ" ಎಂದು ಚಿಕ್ಕಮ್ಮ ಮಿಷನ್ನಿನಿಂದ ತಲೆ ಎತ್ತದೆ ಕಾಗದದ ಪೊಟ್ಟಣ ತೋರಿಸಿದಳು. "ಗುಂಡಿ ಹಾಕಿದೀನಿ, ತಲುಪಿಸಿಬಿಡಿ ಅಂದ."

ಬಿಚ್ಚಿ ನೋಡಿದಳು. ಅದೇ ಶರಟು. ಗರಿಗರಿಯಾಗಿ ಇಸ್ತ್ರಿಯಾಗಿತ್ತು. ಅಂಗಡಿಯಲ್ಲಿ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿರುವ ಚಿಪ್ಪಿನ ಗುಂಡಿಗಳು, ಒಂದೊಂದೂ ಬೆಳಕಿಗೆ ಬಣ್ಣ ಬದಲಿಸುತ್ತಿದ್ದವು.

'ವಾಪಸ್ ಕಳಿಸಿಬಿಟ್ಟ.'

ಅವಳು ಕುಕ್ಕರಿಸಿ ಕೂತಳು. ಬೇಡ ಅನ್ನಲು ಎಂಥ ನಯವಾದ ದಾರಿ. ಮುಖದ ಮೇಲೆ ಹೇಳಿದ್ದರೆ ಬೈದಾದರೂ ಬರಬಹುದಿತ್ತು. ಹೀಗೆ ದುಬಾರಿ ಗುಂಡಿ ಹಾಕಿ, ಇಸ್ತ್ರಿ ಮಾಡಿ, ಮಡಚಿ ಕಳಿಸಿದರೆ ಯಾರ ಮೇಲೆ ಹರಿಹಾಯುವುದು? ಅಳಬಾರದೆಂದು ಹಲ್ಲು ಕಚ್ಚಿದಳು. ಕಣ್ಣು ಮಾತು ಕೇಳಲಿಲ್ಲ.

ಫೋನು ತೆಗೆದಳು. "ಅಕ್ಕ, ಬರ್ತೀನಿ. ನಾಳೆಯೇ ಹೊರಡ್ತೀನಿ."

ಪೆಟ್ಟಿಗೆ ಕಟ್ಟುವಾಗಲೂ ಆ ಚಿಪ್ಪಿನ ಗುಂಡಿಗಳು ಕಣ್ಣು ಚುಚ್ಚಿದವು. 'ಶರಟು ನನ್ನದು, ಅವನ ಗುಂಡಿ ನನಗ್ಯಾಕೆ? ಕತ್ತರಿಸಿ ಅವನ ಮೇಜಿನ ಮೇಲೇ ಎಸೆದು ಹೋಗ್ತೀನಿ.' ಇದೇ ಆವೇಶದಲ್ಲಿ ಶರಟನ್ನೂ ಕತ್ತರಿಯನ್ನೂ ಚೀಲಕ್ಕೆ ತುರುಕಿಕೊಂಡು ಹೊರಟಳು.

ಅಂಗಡಿಯಲ್ಲಿ ಇನ್ನೊಬ್ಬ ದರ್ಜಿ ನಿಂತಿದ್ದ. "ಬಿಳಿ ಗುಂಡಿ, ನಾಲ್ಕು ತೂತಿಂದು" ಎಂದ. ಗುಂಡಿರಾಯ ಕೈ ಚಾಚಿ ಡಬ್ಬಿ ತೆಗೆದು ಕೊಟ್ಟ. ದರ್ಜಿ ಹೊರಟುಹೋದ. ಅಷ್ಟೇ. ಯಾವ ಬಿಳಿ, ಯಾರು ಒಗೀತಾರೆ, ಬೆರಳು ಹೇಗಿದೆ, ಒಂದೂ ಕೇಳಲಿಲ್ಲ.

ಅವಳಿಗೆ ವಿಚಿತ್ರವೆನಿಸಿತು. ಆದರೆ ಅದನ್ನು ಯೋಚಿಸುವ ಸಹನೆ ಅವತ್ತು ಇರಲಿಲ್ಲ. ಶರಟನ್ನು ಮೇಜಿನ ಮೇಲೆ ಹರವಿ, ಮಾತಿಲ್ಲದೆ ಮೊದಲ ಗುಂಡಿಯ ಕೆಳಗೆ ಕತ್ತರಿ ತೂರಿಸಿದಳು. ಅವನು ಗುಂಡಿಯ ಕೆಳಗೆ ದಾರವನ್ನು ಎಷ್ಟು ಬಿಗಿಯಾಗಿ ಸುತ್ತಿದ್ದನೆಂದರೆ ಕತ್ತರಿಯ ಬಾಯಿ ಜಾರುತ್ತಿತ್ತು. ಕೊನೆಗೂ ಒಂದು ಗುಂಡಿ ಕಿತ್ತು ಬಂತು.

"ತಗೊಳ್ಳಿ ನಿಮ್ಮ ಗುಂಡಿ."

ಅವನ ಮುಖ ಕಪ್ಪಿಟ್ಟಿತು. "ಇಷ್ಟ ಆಗ್ಲಿಲ್ವಾ ಅವರಿಗೆ?"

"ಯಾರಿಗೆ?"

"ಈ ಶರಟಿನವರಿಗೆ. ಆ ಹೆಂಗಸಿಗೆ."

ಕತ್ತರಿ ಅಲ್ಲೇ ನಿಂತಿತು. "ಯಾವ ಹೆಂಗಸು?"

"ನನಗೇನು ಗೊತ್ತು? ಕೇಳಬೇಡಿ ಅಂದ್ರಿ, ಕೇಳ್ಲಿಲ್ಲ. ಬಿಡಿಸಿ ನೋಡಿದೆ. ಕಾಜಾ ಬಲಗಡೆ ಇತ್ತು. ಹೆಂಗಸರದ್ದು ಅಂತ ಗೊತ್ತಾಯ್ತು."

ಅವಳು ಶರಟಿನ ಕಡೆ ನೋಡಿದಳು. ತೊಟ್ಟವರ ಬಲಗಡೆಗೆ ಕಾಜಾ, ಎಡಗಡೆಗೆ ಗುಂಡಿ ಬಂದರೆ ಅದು ಹೆಂಗಸರ ಬಟ್ಟೆ. ಗಂಡಸರದ್ದು ಅದಲು ಬದಲು. ಹೊಲಿಗೆ ಕಲಿಯಲು ಕೂತ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ಹೆಂಗಸರ ಬಟ್ಟೆ ಬಿಟ್ಟು ಬೇರೇನೂ ಹೊಲಿಯದ ಅವಳ ಕೈ, ಅವನ ಧ್ಯಾನದಲ್ಲಿ ಅವಳು ಮೈಮರೆತಿದ್ದಾಗ, ದಿನಾ ಹೊಲಿಯುವ ಕಡೆಗೇ ಹೊಲಿದು ಮುಗಿಸಿತ್ತು. ಸಾಲಾಗಿ, ಚೆಂದವಾಗಿ, ಅಷ್ಟನ್ನೂ ಬಲಗಡೆಗೇ.

ಕಾಜಾ ಒಮ್ಮೆ ಸೀಳಿದ ಮೇಲೆ ಮುಗೀತು ಕಥೆ. ಅದನ್ನು ಆ ಕಡೆಯಿಂದ ಈ ಕಡೆಗೆ ತರುವ ಸೂಜಿಯನ್ನು ಯಾರೂ ಮಾಡಿಲ್ಲ.

ಅವಳಿಗೆ ತನ್ನ ಮೇಲೆಯೇ ಬಂದ ಸಿಟ್ಟು ದಾರಿ ತಪ್ಪಿ ಅವನ ಮೇಲೆ ಹೋಯಿತು. "ಭುಜ ನೋಡ್ಲಿಲ್ವಾ ನೀವು? ಕಾಲರ್ ನೋಡ್ಲಿಲ್ವಾ? ಇಷ್ಟು ಅಗಲ ಭುಜದ ಹೆಂಗಸನ್ನ ಎಲ್ಲಾದ್ರೂ ಕಂಡಿದೀರಾ?"

"ನೋಡ್ದೆ. ನನ್ನ ಅಳತೆಯಷ್ಟೇ ಇದ್ದಾರಲ್ಲ ಪಾಪ, ಅವರಿಗೆ ಹೊಂದೋ ಬಟ್ಟೆ ಸಿಗೋದು ಕಷ್ಟ ಇರಬೇಕು ಅಂದ್ಕೊಂಡೆ. ಅದಕ್ಕೇ ಒಳ್ಳೆ ಗುಂಡಿ ಹಾಕಿದೆ."

ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದವು ಅಂತ ಕಾಣುತ್ತದೆ, ಮೂಗಿನಿಂದ ಒಂದು ವಿಚಿತ್ರ ಸದ್ದು ಬಂತು.

"ನಿಮ್ಮ ಅಳತೆಯಷ್ಟೇ ಯಾಕಿದೆ ಅಂದ್ರೆ, ಅದು ನಿಮ್ಮದೇ ಅಳತೆ. ನಿಮಗೇ ಹೊಲಿದಿದ್ದು."

"ನನಗಾ?"

"ಹೂಂ. ನಿಮಗೆ. ಕಾಜಾ ತಪ್ಪು ಕಡೆ ಹೊಲಿದಿದೀನಿ, ಕತ್ತೆ ನಾನು. ನೀವು ಅದನ್ನ ವಾಪಸ್ ಕಳಿಸಿದ್ರಿ. ಬೇಡ ಅಂದಿರಿ ಅಂದ್ಕೊಂಡು ಅಕ್ಕಂಗೆ ಬರ್ತೀನಿ ಅಂದ್ಬಿಟ್ಟೆ. ನಾಳೆ ಹೊರಡ್ತಿದೀನಿ. ಅಲ್ಲೇ ಕೆಲಸ, ಅಲ್ಲೇ ಇರೋದು."

ಅವನು ಶರಟನ್ನು ಮುಟ್ಟಿದ. ಕೈ ಹಿಂದಕ್ಕೆ ತೆಗೆದ. ಬಾಯಿ ತೆರೆದ. ಮುಚ್ಚಿದ.

ಇದನ್ನು ನೋಡುತ್ತಾ ನಿಲ್ಲುವುದು ಯಾರಿಂದ ತಾನೇ ಆಗುತ್ತದೆ? ಅವಳಿಂದಲೂ ಆಗಲಿಲ್ಲ.

"ಈಗಲೂ ಕಂಬದ ಹಾಗೆ ನಿಂತಿದೀರಲ್ಲ. ಹೋಗಲಿ, ಆ ದರ್ಜಿನ ಯಾಕೆ ಏನೂ ಕೇಳ್ಲಿಲ್ಲ? ನನ್ನ ತಲೆ ಮಾತ್ರ ಯಾಕೆ ತಿಂತೀರ? ಅದನ್ನಾದ್ರೂ ಹೇಳಿ, ಕೇಳ್ಕೊಂಡು ಹೋಗ್ತೀನಿ."

"ಅವರು ಬೇಗ ಹೋದ್ರೆ ನನಗೇನೂ ಅನ್ಸಲ್ಲ" ಎಂದ ಅವನು, ಮೇಜಿನ ಗಾಜನ್ನೇ ನೋಡುತ್ತಾ. "ನೀವು ಬೇಗ ಹೋಗ್ತಿದ್ರಿ. ಗುಂಡಿ ತಗೊಳ್ಳೋಕೆ ಎಷ್ಟು ಹೊತ್ತು ಬೇಕು ಹೇಳಿ. ಮೊದಲ ದಿನ ಬೈದ್ರಿ, ಒಂದು ಮಾತು ಕೇಳಬಾರದಿತ್ತಾ ಅಂತ. ಸರಿ, ಕೇಳಿದ್ರೆ ನಿಲ್ತಾರೆ ಅಂತ ಗೊತ್ತಾಯ್ತು. ಅದಕ್ಕೇ ಕೇಳ್ತಾ ಹೋದೆ. ಎಷ್ಟೋ ಸಲ ಕೇಳೋಕೆ ಏನೂ ಉಳಿದಿರ್ತಿರಲಿಲ್ಲ."

ಅವಳು ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ನೀವು ಇಲ್ಲಿ ನಿಂತು ಸಿಡುಕ್ತಾ ಇದ್ರೆ ನನಗೆ ಆ ದಿನ ಚೆನ್ನಾಗಿರತ್ತೆ" ಎಂದ. "ನಿಮ್ಮನ್ನ ಕಂಡ್ರೆ ನನಗೆ ಬಹಳ ಇಷ್ಟ. ಮುಂಚೆನೇ ಹೇಳಬೇಕಿತ್ತು. ಹೇಳೋಕೆ ಹೋದಾಗೆಲ್ಲ ಗುಂಡಿ ವಿಷಯನೇ ಬಾಯಿಗೆ ಬರ್ತಿತ್ತು. ಹೋಗಬೇಡಿ."

ಹೊರಗೆ ಬೀದಿಯಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು. ಅವಳು ಸೋರುತ್ತಿದ್ದ ಮೂಗನ್ನು ತೋಳಿನಿಂದ ಒರೆಸಿಕೊಂಡಳು.

"ಅದನ್ನ ಹಾಕ್ಕೊಳ್ಳಿ. ಸರಿಯಾಗತ್ತಾ ನೋಡೋಣ" ಎಂದಳು.

ಅವನು ತನ್ನ ಅಂಗಿಯ ಮೇಲೆಯೇ ಆ ಶರಟು ತೊಟ್ಟ. ಭುಜ ಎಲ್ಲಿ ಕೂರಬೇಕೋ ಅಲ್ಲೇ ಕೂತಿತು. ಆದರೆ ಗುಂಡಿಯ ಹತ್ತಿರ ಬಂದು ಒದ್ದಾಡಿದ. ದಿನಾ ಹಾಕುವ ಕಡೆಯಲ್ಲ, ಬೆರಳು ಮಾತು ಕೇಳಲಿಲ್ಲ. ಇಡೀ ದಿನ ಗುಂಡಿಯೊಡನೆ ಬದುಕುವ ಮನುಷ್ಯನಿಗೆ ಒಂದು ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ.

ಅವಳು ನೋಡಿದಳು, ನೋಡಿದಳು, ಸಹನೆ ಮುಗಿಯಿತು. "ಕೈ ತೆಗೀರಿ ಆ ಕಡೆ" ಎಂದು ಮೇಜು ಬಳಸಿಕೊಂಡು ಬಂದು ಅವನೆದುರು ನಿಂತಳು.

ಅವನ ಎಡಗಡೆಯ ಗುಂಡಿಗಳು ಎದುರಿಗೆ ನಿಂತ ಅವಳ ಬಲಗೈಗೇ ಬಂದವು. ಒಂದಾದ ಮೇಲೊಂದು, ತಡೆಯಿಲ್ಲದೆ, ಸಲೀಸಾಗಿ ಕೂತವು. ತೊಡುವವನಿಗೆ ಅದು ತಪ್ಪು ಕಡೆ, ಎದುರು ನಿಂತು ತೊಡಿಸುವವಳಿಗೆ ಸರಿಯಾದ ಕಡೆಯೇ. ಅದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಅವಳ ಬೆರಳು ಅವನ ಎದೆಯ ಮೇಲೆ ನಿಂತಿತು.

"ಇದನ್ನ ನನಗೆ ಹಾಕ್ಕೊಳ್ಳೋಕೆ ಬರಲ್ಲ" ಎಂದ ಅವನು ಮೆಲ್ಲಗೆ.

"ಕಲೀರಿ."

"ನಾನು ಕಲಿಯೋದು ಬಹಳ ನಿಧಾನ."

"ಅದು ಗೊತ್ತು ನನಗೆ." ಅವಳು ಗುಂಡಿ ಕಿತ್ತುಹೋಗಿದ್ದ ಮೇಲಿನ ಕಾಜಾವನ್ನು ನೇವರಿಸಿದಳು. "ಇದಕ್ಕೆ ನಾಳೆ ಗುಂಡಿ ಹಾಕ್ಕೊಡ್ತೀನಿ."

"ನಾಳೆ ಅಂದ್ರೆ..."

"ಅಕ್ಕನ ಕೈಲಿ ಚೆನ್ನಾಗಿ ಬೈಸ್ಕೊಂಡು, ಇಲ್ಲೇ ಇರ್ತೀನಿ ಅಂತ."

ಅವನು ಅವಳ ಕೈಯನ್ನು ಇದ್ದಲ್ಲೇ ಹಿಡಿದುಕೊಂಡ. "ನಾಳಿದ್ದು?"

"ನಾಳಿದ್ದೂ" ಎಂದಳು ಅವಳು, ಈ ಸಲ ಸಿಡುಕದೆ.